ಹಲಗಲಿಯ ಹತಾರ, ಬರ್ಮಿಂಗ್‌ಹ್ಯಾಮಿನ ಬಂದೂಕು

ಅನಗವಾಡಿ, ಬೀಳಗಿ, ಮುಧೋಳ, ಜಮಖಂಡಿಗಳ ಸೀಮೆಯಲ್ಲಿ ‘ಹತಾರ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಬಡಿಗನ ಉಳಿ, ಬಾಚಿ, ಗರಗಸಗಳೂ ಹತಾರ. ಕತ್ತಿ, ಕಠಾರಿ, ಬಂದೂಕುಗಳೂ ಹತಾರ. ಮಹಾನವಮಿಯ ಖಂಡೇಪೂಜೆಯಲ್ಲಿ ಕುಡುಗೋಲು, ಕೂರಿಗೆಯ ತಾಳು, ಅಂಗಡಿಯ ತಕ್ಕಡಿ, ಅಟ್ಟದಿಂದ ಇಳಿಸಿದ ಹಳೆಯ ಕತ್ತಿ ಎಲ್ಲವೂ ಒಂದೇ ಮಣೆಯ ಮೇಲೆ ವಿಭೂತಿ ಕುಂಕುಮಗಳನ್ನು ಹಚ್ಚಿಸಿಕೊಂಡು ಕೂರುತ್ತವೆ. ದುಡಿಮೆಯ ಉಪಕರಣ ಮತ್ತು ಕಾದಾಟದ ಆಯುಧಗಳ ನಡುವೆ ಗೆರೆ ಎಳೆಯುವ ಅಗತ್ಯ ಈ ಭಾಷೆಗೆ ಕಂಡಿರಲಿಲ್ಲ. ಆ ಗೆರೆಯನ್ನು ಎಳೆದದ್ದು ಒಂದು ಕಾಯ್ದೆ. ಅದಕ್ಕೆ ಈ ನೆಲದಲ್ಲಿ ಬಂದ ಮೊದಲ ದೊಡ್ಡ ಪ್ರತ್ಯುತ್ತರದ ಹೆಸರು ಹಲಗಲಿ.

ಮುಧೋಳ ಸಂಸ್ಥಾನದ ಸಣ್ಣ ಹಳ್ಳಿಯಾಗಿದ್ದ ಹಲಗಲಿಯ ಕಥೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಶಾಲೆಯಿಂದಲೇ ಪರಿಚಿತ. 1857ರ ಬಂಡಾಯದ ಬಿಸಿಯಲ್ಲಿ ಕುಂಪಣಿ ಸರ್ಕಾರ ಆಯುಧಗಳನ್ನು ನೋಂದಾಯಿಸಬೇಕು, ಇಲ್ಲವೇ ಒಪ್ಪಿಸಬೇಕು ಎಂಬ ಕಾಯ್ದೆ ತಂದಿತು; ಆ ವರ್ಷದ 28ನೆಯ ಕಾಯ್ದೆ ಅದು. ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರನ್ನು ಸುತ್ತುವರಿಯಿತು, ಸುಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಸೇರಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಹನುಮ, ಬಾಲ, ಜಡಗ, ರಾಮ ಎಂಬ ಹೆಸರುಗಳನ್ನು ಉಳಿಸಿದ್ದು ಲಾವಣಿ. ಆ ಲಾವಣಿಯನ್ನು ಮುದ್ರಣಕ್ಕೆ ತಂದವರಲ್ಲಿ ಮೊದಲಿಗರು, ಶಾಸನಗಳ ಸಂಪಾದಕರೆಂದೇ ಖ್ಯಾತರಾದ ಜೆ. ಎಫ್. ಫ್ಲೀಟ್. ಮುಂಬಯಿ ಸಿವಿಲ್ ಸೇವೆಯ ಅಧಿಕಾರಿಯಾಗಿದ್ದ ಅವರು 1880ರ ದಶಕದಲ್ಲಿ ಇಂಡಿಯನ್ ಆಂಟಿಕ್ವರಿಯಲ್ಲಿ ಇದನ್ನು ಇತರ ಕನ್ನಡ ಲಾವಣಿಗಳ ಜೊತೆ ಪ್ರಕಟಿಸಿದರು. ಊರನ್ನು ಸುಟ್ಟ ಆಡಳಿತದ ಉತ್ತರಾಧಿಕಾರಿಯೇ ಊರಿನ ಹಾಡನ್ನು ಕಾಪಾಡಿದ್ದು ಕನ್ನಡ ಜಾನಪದ ಸಂಗ್ರಹದ ಇತಿಹಾಸದಲ್ಲಿ ಇನ್ನೂ ಸಾಕಷ್ಟು ವಿವೇಚನೆಗೆ ಒಳಗಾಗದ ಸಂಗತಿ.

ಈ ಲಾವಣಿಯನ್ನು ಸ್ವಾತಂತ್ರ್ಯ ಹೋರಾಟದ ಹಾಡೆಂದು ಓದುವುದು ರೂಢಿ. ಓದು ತಪ್ಪಲ್ಲ; ಆದರೆ ಅದು ಹಾಡಿನ ಮುಖ್ಯ ನಾಮಪದವನ್ನು ದಾಟಿಕೊಂಡು ಹೋಗುತ್ತದೆ. ಲಾವಣಿಯಲ್ಲಿ ವಿಲಾಯತಿಯಿಂದ ಹುಕುಂ ಬರುವುದು ಹತಾರಗಳನ್ನು ಕಸಿಯುವುದಕ್ಕೆ. ಜಗಳ ಹುಟ್ಟುವುದು ಒಂದು ವಸ್ತುವಿನ ಮೇಲೆ. ಆ ವಸ್ತು ಯಾವುದು, ಕಸಿದ ಮೇಲೆ ಅದರ ಜಾಗಕ್ಕೆ ಬಂದದ್ದು ಏನು ಎಂದು ಕೇಳದೆ ಹಾಡನ್ನು ಪೂರ್ತಿ ಓದಿದಂತಾಗುವುದಿಲ್ಲ. ಈ ಪ್ರಶ್ನೆ ಹಿಡಿದು ಹೊರಟರೆ ದಾರಿ ಹಲಗಲಿಯಿಂದ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗೆ, ಅಲ್ಲಿಂದ ಇಂದಿನ ಜಿಲ್ಲಾ ಕಚೇರಿಯ ಪರವಾನಗಿ ಪುಸ್ತಕಕ್ಕೆ ಹೋಗುತ್ತದೆ.

ಮೊದಲು ಕಸಿಯಲಾದ ವಸ್ತು. ಮುಂಬಯಿ ಕರ್ನಾಟಕದ ಹಳ್ಳಿಗಳಲ್ಲಿ ಶೇತಸನದಿ ಎಂಬ ವ್ಯವಸ್ಥೆ ಇತ್ತು: ಹೊಲದ ಉಂಬಳಿ ಪಡೆದು, ಕರೆ ಬಂದಾಗ ಆಯುಧ ಹಿಡಿದು ಹೊರಡುವ ಊರ ಕಾವಲಿನವರು. ಸಂಗೊಳ್ಳಿ ರಾಯಣ್ಣ ಅಂಥವನೊಬ್ಬ. ಇವರ ಮನೆಯ ಕತ್ತಿ ಬಂದೂಕುಗಳು ಸೈನ್ಯದವೋ ನಾಗರಿಕರವೋ ಎಂದು ಕೇಳಿದರೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಬೇಟೆಗೆ, ಹೊಲ ಕಾಯುವುದಕ್ಕೆ, ದಾರಿಗಾವಲಿಗೆ, ದೇಸಾಯಿಯ ದಂಡಿಗೆ ಎಲ್ಲಕ್ಕೂ ಅದೇ. ಬೇಟೆಯನ್ನೇ ಕಸುಬಾಗಿ ಉಳ್ಳ ಸಮುದಾಯಕ್ಕಂತೂ ಆಯುಧವೆಂದರೆ ಬಡಿಗನಿಗೆ ಉಳಿ ಇದ್ದಂತೆ. ಅವರು ಬೇಟೆಯಾಡಿದ ಸೀಮೆಯ ಒಂದು ಪಾಲು ಈಗ ಬೀಳಗಿ, ಮುಧೋಳ ತಾಲೂಕುಗಳಿಗೆ ಸೇರಿದ ಯಡಹಳ್ಳಿ ಚಿಂಕಾರ ಧಾಮ. ಕಾಲದ ಲೆಕ್ಕ ಎಷ್ಟು ಬದಲಾಗಿದೆ ಎಂಬುದಕ್ಕೆ ಅಷ್ಟು ಸಾಕು.

ಇನ್ನು ಅದರ ಜಾಗಕ್ಕೆ ಬಂದ ವಸ್ತು. 1857ರ ಪಾಠವನ್ನು ಬ್ರಿಟಿಷರು ಕಾಗದದ ಮೇಲೆ ಬರೆದಷ್ಟೇ ಆಸ್ಥೆಯಿಂದ ಕಬ್ಬಿಣದ ಮೇಲೂ ಬರೆದರು. ಕೊಬ್ಬು ಸವರಿದ ತೋಟಾಗಳಿಂದ ಚರಿತ್ರೆಗೆ ಸೇರಿದ 1853ರ ಎನ್‌ಫೀಲ್ಡ್ ರೈಫಲ್ಲಿನ ನಳಿಕೆಯೊಳಗೆ ಸುರುಳಿ ಗೀರುಗಳಿದ್ದವು. ಗುಂಡು ತಿರುಗುತ್ತ ದೂರಕ್ಕೆ ನೇರವಾಗಿ ಹೋಗುವುದು ಆ ಗೀರುಗಳಿಂದ. ಬಂಡಾಯ ಅಡಗಿದ ಮೇಲೆ ಭಾರತೀಯ ಸಿಪಾಯಿಗಳ ಕೈಗೆ ಬಂದ 1859ರ ಮಾದರಿ ಹೊರನೋಟಕ್ಕೆ ಅದೇ ಎನ್‌ಫೀಲ್ಡ್. ಮರ ಅದೇ, ಬೀಗ ಅದೇ, ಉದ್ದವೂ ಅದೇ. ಒಳಗೆ ಮಾತ್ರ ನಳಿಕೆ ನುಣುಪು. ಪಕ್ಕದಲ್ಲಿ ನಿಂತ ಗೋರಾ ಸಿಪಾಯಿಯ ಗುಂಡು ತಲುಪುವ ದೂರಕ್ಕೆ ಇವನ ಗುಂಡು ತಲುಪದು. ಕವಾಯತಿನ ಮೈದಾನದಲ್ಲಿ ಇಬ್ಬರೂ ಸಮಾನರಂತೆ ಕಾಣಬೇಕು, ರಣದಲ್ಲಿ ಹಾಗಿರಬಾರದು ಎಂಬ ನೀತಿಯನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಸರ್ಕಾರಿ ಪತ್ರವೂ ಹೇಳಿಲ್ಲ. ಮುಂದೆ 20ನೆಯ ಶತಮಾನದಲ್ಲಿ ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ ಹಳೆಯ ಲೀ-ಎನ್‌ಫೀಲ್ಡ್‌ಗಳ ಗೀರುಗಳನ್ನು ಕಳೆದು, ಒಂದು ಸಲಕ್ಕೆ ಒಂದೇ ತೋಟಾ ಹಿಡಿಯುವಂತೆ ಮಾಡಿ, .410ರ ಮಸ್ಕೆಟ್ಟುಗಳೆಂದು ಪೊಲೀಸರಿಗೂ ಕಾವಲಿನವರಿಗೂ ಕೊಟ್ಟದ್ದು ಇದೇ ಬುದ್ಧಿಯ ಮುಂದುವರಿಕೆ.

ಇಷ್ಟು ಸರ್ಕಾರದ ನೌಕರರ ಮಾತು. ಪ್ರಜೆಗಳ ಮಾತು ಇನ್ನೂ ಸ್ವಾರಸ್ಯದ್ದು. ಲಿಟ್ಟನ್ ವೈಸರಾಯ್ ಆಗಿದ್ದಾಗ ಬಂದ 1878ರ ಆಯುಧ ಕಾಯ್ದೆ ಭಾರತೀಯರಿಗೆ ಪರವಾನಗಿಯನ್ನು ಕಡ್ಡಾಯ ಮಾಡಿ, ಯುರೋಪಿಯನ್ನರನ್ನು ಹೊರಗಿಟ್ಟಿತು. ಕಾಂಗ್ರೆಸ್ಸು ತನ್ನ 1887ರ ಮದ್ರಾಸ್ ಅಧಿವೇಶನದಲ್ಲಿಯೇ ಇದನ್ನು ಎತ್ತಿಕೊಂಡಿತು. ಆದರೆ ಪರವಾನಗಿ ಎಂದರೆ ಮಾರುಕಟ್ಟೆಯೂ ಹೌದು. ಸಂಸ್ಥಾನಿಕರು, ಜಮೀನ್ದಾರರು, ಸಾಹೇಬರ ಮೆಚ್ಚುಗೆಯ ಇನಾಂದಾರರು, ತೋಟದ ದೊರೆಗಳು ಬೇಟೆಯ ರೈಫಲ್ಲುಗಳನ್ನು ಬಯಸಿದರು. ಬ್ರಿಟನ್ನಿನ ಕಾರ್ಖಾನೆಗಳು ಮಾರಲು ಬಯಸಿದವು. ಅಡ್ಡಿಯಾದದ್ದು ತೋಟಾ. ಪ್ರಜೆಯ ಬಂದೂಕಿಗೂ ಸೈನ್ಯದ ಬಂದೂಕಿಗೂ ಒಂದೇ ತೋಟಾ ಹಿಡಿಯುವುದಾದರೆ, ದಂಡಿನ ಉಗ್ರಾಣದಿಂದ ಕದ್ದದ್ದು ಹಳ್ಳಿಯಲ್ಲಿ ಉಪಯೋಗಕ್ಕೆ ಬರುತ್ತದೆ, ಅಂಗಡಿಯಲ್ಲಿ ಕೊಂಡದ್ದು ಬಂಡಾಯಗಾರರಿಗೆ ಬರುತ್ತದೆ. ಮಾರ್ಟಿನಿ-ಹೆನ್ರಿ ಸೇನಾ ಬಂದೂಕಿನ ಭಯದಿಂದ 20ನೆಯ ಶತಮಾನದ ಮೊದಲ ದಶಕದಲ್ಲಿ .450 ಅಳತೆಯ ತೋಟಾಗಳು ಭಾರತಕ್ಕೆ ಬರುವುದನ್ನು ನಿಲ್ಲಿಸಲಾಯಿತು. ಆನೆ, ಹುಲಿಗಳ ಬೇಟೆಯ ದುಬಾರಿ ಬಂದೂಕುಗಳನ್ನು ಮಾಡುತ್ತಿದ್ದ ಲಂಡನ್ನಿನ ಕಸುಬುದಾರರು ತಲೆಕೆಡಿಸಿಕೊಂಡು .465, .470, .475 ಎಂದು ಹೊಸ ಅಳತೆಗಳನ್ನು ಕಟ್ಟಿದರು. ಇಂದು ಹಳೆಯ ಬೇಟೆ ಸಾಹಿತ್ಯದಲ್ಲಿ ಈ ಅಂಕಿಗಳನ್ನು ಓದುವವರು ಅವನ್ನು ಬೇಟೆಗಾರರ ರುಚಿಭೇದವೆಂದು ತಿಳಿಯುತ್ತಾರೆ. ಅದರ ಹಿಂದೆ ಇದ್ದದ್ದು ಒಂದು ಆಳರಸರ ಅಂಜಿಕೆ.

ಇದೇ ಅಂಜಿಕೆಯ ಅಗ್ಗದ, ಜನಸಾಮಾನ್ಯ ರೂಪ .315 ರೈಫಲ್. ಸೈನ್ಯಕ್ಕೆ ಲೀ-ಎನ್‌ಫೀಲ್ಡ್ ಮಾಡುತ್ತಿದ್ದ ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಂಪನಿಯೇ ಇದನ್ನೂ ಮಾಡಿತು. ಬೋಲ್ಟ್ ಅದೇ, ತೋಟಾ ತುಂಬುವ ಪೆಟ್ಟಿಗೆ ಅದೇ ಬಗೆಯದು, ಹಿಡಿದು ನೋಡಿದರೆ ಸಿಪಾಯಿಯ ಬಂದೂಕಿನ ಒಡಹುಟ್ಟು. ಮುಂದಿನ ಮರವನ್ನು ಮೊಟಕು ಮಾಡಿ ಬೇಟೆಯ ರೂಪ ಕೊಟ್ಟಿದ್ದಾರೆ, ಅಷ್ಟೆ. ಸೈನ್ಯದ ಅಳತೆ .303 ಅಂಗುಲ. ಇದರದು .315, ಎಂದರೆ ಎಂಟು ಮಿಲಿಮೀಟರ್. ತೋಟಾ ಕೂಡ ಬ್ರಿಟನ್ನಿನದಲ್ಲ. ಆಸ್ಟ್ರಿಯಾದ ಸೈನ್ಯಕ್ಕಾಗಿ ರೂಪುಗೊಂಡ ಮಾನ್‌ಲಿಖರ್ ತೋಟಾ. ಬುಡದಲ್ಲಿ ಅಂಚುಳ್ಳದ್ದಾದ್ದರಿಂದ ಲೀ-ಎನ್‌ಫೀಲ್ಡಿನ ಯಂತ್ರಕ್ಕೆ ಸುಲಭವಾಗಿ ಒಗ್ಗಿತು, ಆದರೆ .303 ಇದರ ಗೂಡಿನಲ್ಲಿ ಕೂರದು, ಇದರದು ಅದರಲ್ಲಿ ಕೂರದು. ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಯೊಬ್ಬನ ಕೈಯ ಬಂದೂಕು ಬ್ರಿಟಿಷ್ ತೋಟಾವನ್ನು ಒಲ್ಲದೆ ಪರದೇಶದ ತೋಟಾವನ್ನೇ ನುಂಗಬೇಕು! ಕಾರ್ಖಾನೆಯ ಭಾಷೆಯಲ್ಲಿ ಇದಕ್ಕೆ ‘ಸ್ಪೋರ್ಟಿಂಗ್ ರೈಫಲ್’ ಎಂದು ಹೆಸರು. ಕನ್ನಡದಲ್ಲಿ ಕ್ರೀಡೆಯ ಬಂದೂಕು ಎನ್ನಬೇಕೇನೋ. ಈ ಅನುವಾದ ಕೇಳಿದರೆ ಹಲಗಲಿಯ ಜಡಗ ನಕ್ಕಾನು.

ಇದಕ್ಕೊಂದು ಪ್ರತಿವಾದವಿದೆ, ಅದು ಹಗುರವಾದದ್ದಲ್ಲ. ಸೇನೆಯ ಮದ್ದುಗುಂಡು ಪೇಟೆಯಲ್ಲಿ ಸುಳಿಯದಂತೆ ನೋಡಿಕೊಳ್ಳುವುದು ಯಾವುದೇ ರಾಜ್ಯದ ಕರ್ತವ್ಯ. ಇಟಲಿಯಲ್ಲಿ ಸೇನೆಯ 9×19 ಪಿಸ್ತೂಲು ತೋಟಾ ಬಹುಕಾಲ ನಾಗರಿಕರಿಗೆ ನಿಷಿದ್ಧವಾಗಿತ್ತು, ಅಲ್ಲಿಗೆಂದೇ 9×21 ಎಂಬ ಬದಲಿ ಅಳತೆ ಹಬ್ಬಿತು. ಹಾಗಿರುವಾಗ .315ರ ಮೇಲೆ ಮಾತ್ರ ವಸಾಹತುಶಾಹಿಯ ಆರೋಪ ಏಕೆ? ಏಕೆಂದರೆ ಇಟಲಿಯ ನಿಯಮ ಇಟಲಿಯ ನಾಗರಿಕರೆಲ್ಲರ ಮೇಲೆ ಸಮನಾಗಿ ಬೀಳುತ್ತಿತ್ತು. 1878ರ ಕಾಯ್ದೆಯ ಗೆರೆ ಸೈನಿಕ ಮತ್ತು ನಾಗರಿಕರ ನಡುವೆ ಎಳೆದದ್ದಾಗಿರಲಿಲ್ಲ. ಬಿಳಿಯ ನಾಗರಿಕ ಮತ್ತು ಕರಿಯ ನಾಗರಿಕರ ನಡುವೆ ಎಳೆದದ್ದು. ಅಳತೆಯ ಲೆಕ್ಕಾಚಾರ ಆ ಗೆರೆಯ ಮೇಲೆ ಕಟ್ಟಿದ ಗೋಡೆ.

ಗೆರೆ ಎಷ್ಟು ಮನಸೋಇಚ್ಛೆಯದು ಎಂಬುದಕ್ಕೆ ಸಾಕ್ಷಿ ಕನ್ನಡ ನಾಡಿನೊಳಗೇ ಇದೆ. ಹಲಗಲಿಯ ಗಲ್ಲುಗಳಾಗಿ ನಾಲ್ಕು ವರ್ಷ ತುಂಬುವ ಮೊದಲೇ, 1861ರಲ್ಲಿ, ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಅದೇ ನಿರಾಯುಧೀಕರಣದಿಂದ ಹೊರಗಿಟ್ಟರು. ಕಾರಣವಾಗಿ ಹೇಳಿದ್ದು ನಿಷ್ಠೆ ಮತ್ತು ಶೌರ್ಯ. ಶೌರ್ಯ ಹಲಗಲಿಯಲ್ಲಿ ಕಡಿಮೆ ಇರಲಿಲ್ಲ. ಕೊಡಗಿನಲ್ಲಿ ಕೋವಿ ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುತ್ತದೆ, ಹುಟ್ಟು ಸಾವುಗಳನ್ನು ಸಾರುತ್ತದೆ. ಆ ಸಂಸ್ಕೃತಿಯ ಬಗ್ಗೆ ಬರೆದವರೆಲ್ಲ ಇದನ್ನು ಅಭಿಮಾನದಿಂದ ಬಣ್ಣಿಸಿದ್ದಾರೆ, ಬಣ್ಣಿಸಬೇಕಾದದ್ದೇ. ಸಂವಿಧಾನ ಬಂದ ಮೇಲೂ ಆ ವಿನಾಯಿತಿ ಮುಂದುವರಿಯಿತು. ಪ್ರಶ್ನೆ ಕರ್ನಾಟಕ ಉಚ್ಚ ನ್ಯಾಯಾಲಯದವರೆಗೆ ಹೋಗಿ 2021ರಲ್ಲಿ ವಿನಾಯಿತಿ ಊರ್ಜಿತವಾಯಿತು. ಕೊಡವರಿಗೆ ಉಳಿದದ್ದರ ಬಗ್ಗೆ ತಕರಾರು ಬೇಕಿಲ್ಲ. ಬೇಡರಿಂದ ಹೋದದ್ದು ಏನು ಎಂಬುದನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಒಂದೆಡೆ ಆಯುಧ ಸಂಸ್ಕೃತಿಯೆನಿಸಿ ಉಳಿಯಿತು. ಇನ್ನೊಂದೆಡೆ ಅದು ಅಪರಾಧವಾಯಿತು, ಆಮೇಲೆ ಹಾಡಾಯಿತು.

ಸ್ವತಂತ್ರ ಭಾರತ 1959ರಲ್ಲಿ ಹೊಸ ಆಯುಧ ಕಾಯ್ದೆ ತಂದಿತು. ಬಣ್ಣದ ಭೇದ ಹೋಯಿತು. ಅಳತೆಯ ಭೇದ ಉಳಿಯಿತು. .303 ನಿಷೇಧಿತ ಅಳತೆ, .315 ಅನುಮತಿಯುಳ್ಳದ್ದು. ಬರ್ಮಿಂಗ್‌ಹ್ಯಾಮಿನಿಂದ ಹಡಗಿನಲ್ಲಿ ಬರುತ್ತಿದ್ದುದನ್ನು ಇಷಾಪುರದ ಸರ್ಕಾರಿ ಕಾರ್ಖಾನೆ ತಾನೇ ಮಾಡತೊಡಗಿತು. ಸೇನೆ .303ನ್ನು ಬಿಟ್ಟು 7.62ಕ್ಕೆ, ಅಲ್ಲಿಂದ 5.56ಕ್ಕೆ ಹೋದ ಮೇಲೆಯೂ, ಆ ತೋಟಾದ ಭಯದಿಂದ ಹುಟ್ಟಿದ .315 ಮಾತ್ರ ಮಾರಾಟದಲ್ಲಿ ನಿಂತಿತು. ಹಳ್ಳಿಯ ಪಾಟೀಲರ ಗೋಡೆಯ ಮೇಲೆ, ಬ್ಯಾಂಕಿನ ಕಾವಲಿನವನ ಹೆಗಲ ಮೇಲೆ ಇರುವ ‘ಲೈಸೆನ್ಸ್ ಬಂದೂಕು’ಗಳ ಜಾತಕದಲ್ಲಿ ಈ ಕಥೆ ಅಡಗಿದೆ. ಮಲೆನಾಡಿನ ರೈತ ಪ್ರತಿ ಚುನಾವಣೆಗೂ ತನ್ನ ಕೋವಿಯನ್ನು ಠಾಣೆಗೆ ಒಪ್ಪಿಸಿ ಹಂದಿ ಕಾಟಕ್ಕೆ ಪಟಾಕಿ ಹುಡುಕುವಾಗಲೂ ಆ ಹಳೆಯ ಹುಕುಮಿನ ಸಣ್ಣ ಪ್ರತಿಧ್ವನಿ ಕೇಳುತ್ತದೆ. ಆಯುಧಗಳು ಊರೂರಿಗೆ ಹರಡಬೇಕೆಂದು ಇದರಿಂದ ಹೊರಡಿಸುವ ತೀರ್ಮಾನ ಅವಸರದ್ದು. ಜೀವಹಾನಿಯ ಲೆಕ್ಕ ಬಲ್ಲವರು ಯಾರೂ ಅದನ್ನು ಬಯಸರು. ಆದರೆ ನಿಯಂತ್ರಣಕ್ಕೆ ಇಂದಿನ ಕಾರಣಗಳನ್ನು ಕೊಡಬೇಕು, 1857ರ ಕಾರಣಗಳಿಂದ ಹುಟ್ಟಿದ ಕೋಷ್ಟಕವನ್ನು ಶಾಶ್ವತ ಸತ್ಯದಂತೆ ಒಪ್ಪಿಕೊಳ್ಳಬಾರದು.

ಸಾಹಿತ್ಯ ಸಂಶೋಧಕರಿಗೆ ಇಲ್ಲಿ ಬೇರೊಂದು ಕೆಲಸ ಕಾದಿದೆ. ಕನ್ನಡದಲ್ಲಿ ತುಪಾಕಿ, ಬಂದೂಕು, ಕೋವಿ, ಕೇಪಿನ ಕೋವಿ, ತೋಟಾ ಕೋವಿ, ರೈಫಲ್ ಎಂಬ ಮಾತುಗಳು ಒಂದೊಂದು ಕಾಲದ, ಒಂದೊಂದು ಕಾನೂನಿನ ಗುರುತನ್ನು ಹೊತ್ತಿವೆ. ಕಥೆ ಕಾದಂಬರಿಗಳಲ್ಲಿ ಇವು ಬಂದಾಗ ವಿಮರ್ಶೆ ಅವನ್ನೆಲ್ಲ ‘ಆಯುಧ’ ಎಂಬ ಒಂದೇ ಸಂಕೇತಕ್ಕೆ ಕರಗಿಸಿಬಿಡುತ್ತದೆ. ಯಾರ ಕೈಯಲ್ಲಿ ಯಾವ ಬಂದೂಕು ಇತ್ತು, ಅದು ಅವನ ಕೈಗೆ ಹೇಗೆ ಬಂತು, ಅದರ ತೋಟಾ ಎಲ್ಲಿ ಸಿಗುತ್ತಿತ್ತು ಎಂದು ಕೇಳುವ ಓದುಗ ಪಾತ್ರದ ಜಾತಿ, ಜಮೀನು, ಸರ್ಕಾರದೊಡನೆ ಅವನ ನಂಟು ಎಲ್ಲವನ್ನೂ ಒಂದೇ ವಾಕ್ಯದಲ್ಲಿ ಹಿಡಿಯಬಲ್ಲ.

ಹಲಗಲಿಯ ಲಾವಣಿಕಾರನಿಗೆ ವಸ್ತುಗಳ ಈ ಲೆಕ್ಕ ಗೊತ್ತಿತ್ತು. ಪಠ್ಯಪುಸ್ತಕಗಳಿಂದ ಪ್ರಚಲಿತವಾಗಿರುವ ಪಾಠದ ಕೊನೆಯಲ್ಲಿ, ಊರು ಹೊತ್ತಿ ಉರಿಯುವಾಗ, ಅವನು ಹೋದ ಸಾಮಾನುಗಳನ್ನು ಒಂದೊಂದಾಗಿ ಎಣಿಸುತ್ತಾನೆ: ಕೊಡಲಿ, ಕಬ್ಬಿಣ, ಹಾಲು ಮೊಸರು, ಉಪ್ಪು ಎಣ್ಣೆ, ಅರಿಸಿನ, ಬೆಲ್ಲ, ಚೆರಿಗೆ, ತಾಳಿ, ಬೀಸುವ ಕಲ್ಲು. ಹತಾರ ಕಸಿಯಲು ಬಂದವರ ಲೂಟಿಯ ಆ ಪಟ್ಟಿಯಲ್ಲಿ ಕತ್ತಿಯೂ ಇಲ್ಲ, ಬಂದೂಕೂ ಇಲ್ಲ.