ಗೆದ್ದದ್ದು ಆಟಗಾರನೋ, ಕೋಚೋ?

ಟೀಮು ಗೆದ್ದರೆ ಆಟಗಾರನ ಫೋಟೊ, ಸೋತರೆ ಕೋಚ್ ಮೇಲೆ ಸಿಟ್ಟು. ಆಟ ನೋಡೋ ಮಂದಿಯ ಲೆಕ್ಕ ಇಷ್ಟೇ ನೋಡ್ರಿ. ಆಫೀಸಿನಾಗ ಇದೇ ಕಥೆ ಉಲ್ಟಾ ಇರ್ತದ. ಪ್ರಾಜೆಕ್ಟ್ ಗೆದ್ದರೆ ಮ್ಯಾನೇಜರ್ ಹೆಸರು, ಬಿದ್ದರೆ ರಾತ್ರಿ ಕುಂತು ಕೆಲಸ ಮಾಡಿದವನ ಹೆಸರು. ಕಾಳಗಿ, ಸೇಡಂ, ವಾಡಿ, ಶಹಾಬಾದ ಕಡೆಯಿಂದ ಹೋಗಿ ಹೈದರಾಬಾದ್, ಪುಣೆ, ಬೆಂಗಳೂರಿನಲ್ಲಿ ಬಾಡಿಗೆ ರೂಮಿನಾಗ ಕುಂತು ಇದನ್ನು ಓದುತ್ತಿರುವ ನಿಮಗೆ ಇದು ಹೊಸದೇನಲ್ಲ. ಹಂಗಾದ್ರ ಗೆಲುವು ಖರೇನ ಯಾರದು?

2024ರ ಆಗಸ್ಟ್‌ನಲ್ಲಿ ಇದೇ ಪ್ರಶ್ನೆಗೆ ನಮ್ಮ ಕರ್ನಾಟಕದ ಇಬ್ಬರು ದೊಡ್ಡ ಆಟಗಾರರ ನಡುವೆಯೇ ಮಾತು ಬೆಳೆಯಿತು. ಪ್ಯಾರಿಸ್ ಒಲಿಂಪಿಕ್ಸ್‌ನ ಕಂಚಿನ ಪಂದ್ಯದಲ್ಲಿ ಲಕ್ಷ್ಯ ಸೇನ್ ಮೊದಲ ಗೇಮ್ 21-13ರಿಂದ ಗೆದ್ದು, ಆಮೇಲೆ ಮಲೇಷ್ಯಾದ ಲೀ ಝಿ ಜಿಯಾಗೆ ಸೋತ. ತಂಡದ ಜತೆಗಿದ್ದ ಪ್ರಕಾಶ್ ಪಡುಕೋಣೆ ಬೇಸರದಿಂದಲೇ ಹೇಳಿದರು: ಸರ್ಕಾರ, ಫೆಡರೇಶನ್ ತಮ್ಮ ಕೆಲಸ ಮಾಡಿವೆ, ಇನ್ನು ಆಟಗಾರರೇ ಜವಾಬ್ದಾರಿ ಹೊರಬೇಕು. ಅದೇ ಒಲಿಂಪಿಕ್ಸ್‌ನಲ್ಲಿ ಡಬಲ್ಸ್ ಆಡಿದ್ದ ಅಶ್ವಿನಿ ಪೊನ್ನಪ್ಪ ಸುಮ್ಮನಿರಲಿಲ್ಲ. ಗೆದ್ದಾಗ ಎಲ್ಲರೂ ಪಾಲು ಕೇಳೋಕೆ ಬರ್ತಾರೆ, ಸೋತಾಗ ಮಾತ್ರ ಆಟಗಾರನೊಬ್ಬನದೇ ತಪ್ಪಾ, ತಯಾರಿ ಮಾಡಿಸಿದ ಕೋಚ್‌ಗಳದ್ದೇನೂ ಇಲ್ವಾ ಎಂಬರ್ಥದಲ್ಲಿ ತಿರುಗಿ ಕೇಳಿದರು.

ಇಬ್ಬರಲ್ಲಿ ಯಾರು ಸರಿ? ತೀರ್ಪು ಕೊಡೋ ಮೊದಲು ಒಂದು ಹಳೆಯ ಕಥೆ ಕೇಳ್ರಿ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನದು.

ಅಲ್ಲಿ ಕಾಲೇಜು ಆಟಕ್ಕೆ ಆಗ ಒಂದು ವಿಚಿತ್ರ ಗುಣ ಇತ್ತು. ಆಟಗಾರ ಮೂರ್ನಾಲ್ಕು ವರ್ಷ ಇದ್ದು ಹೋಗುತ್ತಿದ್ದ, ಕೋಚ್ ಉಳಿಯುತ್ತಿದ್ದ. ಹಾಗಾಗಿ ಯಾರಿಂದ ಎಷ್ಟು ಎಂದು ಅಳೆಯಲು ಅದು ಒಳ್ಳೆಯ ತಕ್ಕಡಿ. ಜಾನ್ ವುಡನ್ ಎಂಬ ಕೋಚ್ 1948ರಲ್ಲಿ ಲಾಸ್ ಏಂಜಲಿಸ್‌ನ ಯುಸಿಎಲ್‌ಎಗೆ ಬಂದರು. ಮೊದಲು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮೇಷ್ಟ್ರು. ಹೊಸ ಹುಡುಗರಿಗೆ ಅವರ ಮೊದಲ ಪಾಠ ಸಾಕ್ಸ್ ಹಾಕಿಕೊಳ್ಳುವುದು ಹೇಗೆ ಅಂತ. ಮಡಿಕೆ ಬಿದ್ದರೆ ಬೊಬ್ಬೆ ಏಳ್ತದ, ಬೊಬ್ಬೆ ಎದ್ದರೆ ಆಟ ನಿಲ್ತದ.

ಇಂಥವರಿಗೆ ಮೊದಲ ರಾಷ್ಟ್ರೀಯ ಪ್ರಶಸ್ತಿ ಸಿಕ್ಕಿದ್ದು 1964ರಲ್ಲಿ, ಅಂದರೆ 16ನೇ ಸೀಸನ್‌ನಲ್ಲಿ! ಆ ತಂಡದ ಮೊದಲ ಐವರಲ್ಲಿ 6 ಅಡಿ 5 ಇಂಚಿಗಿಂತ ಎತ್ತರದವರು ಯಾರೂ ಇರಲಿಲ್ಲ. ಎತ್ತರ ಇಲ್ಲದಿದ್ದರೆ ಕಾಲಿದೆಯಲ್ಲ ಎಂದು, ಇಡೀ ಅಂಗಳದ ತುಂಬ ಎದುರಾಳಿಯನ್ನು ಬೆನ್ನಟ್ಟುವ ಆಟ ಆಡಿಸಿದರು. ಆ ಉಪಾಯ ಹೊಳೆದದ್ದು ಅವರ ಸಹಾಯಕ ಕೋಚ್‌ಗೆ. ಕೇಳಿಸಿಕೊಂಡದ್ದು ವುಡನ್ ದೊಡ್ಡತನ. 1965ರಲ್ಲಿ ಮತ್ತೆ ಗೆದ್ದರು.

ಆ ಹೆಸರು ಕೇಳಿ ನ್ಯೂಯಾರ್ಕಿನಿಂದ 7 ಅಡಿ ದಾಟಿದ ಹುಡುಗನೊಬ್ಬ ಬಂದ. ಲೂ ಆಲ್ಸಿಂಡರ್. ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಜಗತ್ತು ಕರೆದದ್ದು ಇವನನ್ನೇ. ಅವನಿಗಾಗಿ ವುಡನ್ ತಮ್ಮ ವರ್ಷಗಳ ಆಟದ ವಿಧಾನವನ್ನೇ ಬದಲಿಸಿದರು. ಎತ್ತರದ ಆಟಗಾರನನ್ನು ಬುಟ್ಟಿಯ ಹತ್ತಿರ ನಿಲ್ಲಿಸಿ ಆಡಿಸುವುದನ್ನು 50 ದಾಟಿದ ಆ ಮೇಷ್ಟ್ರು ಹೊಸದಾಗಿ ಕಲಿತರು. 1967ರಲ್ಲಿ ಕಾಲೇಜು ಆಟದಲ್ಲಿ ಡಂಕ್ ಹೊಡೆಯುವುದನ್ನೇ ನಿಷೇಧಿಸಿದಾಗ ಹುಡುಗ ಹುಕ್ ಶಾಟ್ ತಿದ್ದಿ ತೀಡಿಕೊಂಡ. ಅದೇ ಮುಂದೆ ಅವನ ಗುರುತಾಯಿತು. ಮೂರು ಸೀಸನ್, ಮೂರೂ ಪ್ರಶಸ್ತಿ: ಆಡಿದ 90 ಪಂದ್ಯಗಳಲ್ಲಿ ಸೋತದ್ದು ಎರಡೇ.

ಅವನು ಹೋದ ಮೇಲೆ ವುಡನ್ ಕಥೆ ಮುಗೀತು ಅಂದ್ರು ಮಂದಿ. 1970, 1971ರಲ್ಲೂ ಗೆದ್ದರು. ಆಮೇಲೆ ಬಿಲ್ ವಾಲ್ಟನ್ ಬಂದ, ಮತ್ತೆ ಎರಡು. 1975ರಲ್ಲಿ ನಿವೃತ್ತಿಯಾಗುವಾಗ 12 ವರ್ಷದಲ್ಲಿ 10 ಪ್ರಶಸ್ತಿ. ಅವರು ಹೋದ ಮೇಲೆ ಅದೇ ಯುಸಿಎಲ್‌ಎ ಗೆದ್ದದ್ದು ಒಂದೇ ಸಲ, 1995ರಲ್ಲಿ.

ಅಂದರೆ ಏನಾಯ್ತು? ಕೋಚ್ ಇಲ್ಲದಿದ್ದರೆ ಸ್ಟಾರ್ ಬರುತ್ತಿರಲಿಲ್ಲ, ಸ್ಟಾರ್ ಬರದಿದ್ದರೆ ಕೋಚ್ ಇಷ್ಟು ದೊಡ್ಡವರಾಗುತ್ತಿರಲಿಲ್ಲ. ಬಿತ್ತಿದ್ದು ಒಬ್ಬರು, ಮಳೆ ಇನ್ನೊಬ್ಬರು. ತೊಗರಿ ಬೆಳೆಯೋ ನಮಗ ಇದನ್ನ ಬಿಡಿಸಿ ಹೇಳಬೇಕಾ?

ಈಗ ನಮ್ಮ ಬೆಂಗಳೂರಿಗೆ ಬರ್ರಿ. ದೀಪಿಕಾ ಅಪ್ಪ ಅಂತ ಇವತ್ತಿನ ಹುಡುಗರಿಗೆ ಗೊತ್ತಿರೋ ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ತಂದೆ ರಮೇಶ್ ಪಡುಕೋಣೆ ಅವರಿಂದ, ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಹಾಲ್‌ನಲ್ಲಿ. ಮದುವೆ ಇದ್ದ ದಿನ ಪ್ರಾಕ್ಟೀಸ್ ಬಂದ್. ಅಲ್ಲಿಂದ ಹೋಗಿ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ತಮಗೆ ಸಿಗದ ಅಂಗಳ ಮುಂದಿನವರಿಗೆ ಸಿಗಲಿ ಎಂದು 1994ರಲ್ಲಿ ವಿಮಲ್ ಕುಮಾರ್ ಮೊದಲಾದವರ ಜತೆ ಅಕಾಡೆಮಿ ಕಟ್ಟಿದರು. ಅಲ್ಲಿ ಪಳಗಿದ ಪುಲ್ಲೇಲ ಗೋಪಿಚಂದ್ 2001ರಲ್ಲಿ ಅದೇ ಆಲ್ ಇಂಗ್ಲೆಂಡ್ ಗೆದ್ದರು. ಅವರು ಹೈದರಾಬಾದಿನಲ್ಲಿ ತಮ್ಮದೇ ಅಕಾಡೆಮಿ ಕಟ್ಟಲು ಮನೆಯನ್ನೇ ಅಡ ಇಟ್ಟರು. ಅವರ ಕೈಯಲ್ಲಿ ಬೆಳೆದ ಸೈನಾ ನೆಹವಾಲ್‌ಗೆ 2012ರಲ್ಲಿ ಒಲಿಂಪಿಕ್ ಕಂಚು, ಸಿಂಧುಗೆ 2016ರಲ್ಲಿ ಬೆಳ್ಳಿ.

ಈ ಸಂಬಂಧದಲ್ಲಿ ಬಿರುಕೂ ಬರ್ತದ. 2014ರಲ್ಲಿ ಸೈನಾ ಗೋಪಿಚಂದ್ ಬಳಿಯಿಂದ ಬೆಂಗಳೂರಿಗೆ, ವಿಮಲ್ ಕುಮಾರ್ ಹತ್ತಿರ ಬಂದರು. ಗುರುವನ್ನು ಬಿಟ್ಟಳು ಎಂದು ಆಡಿಕೊಂಡವರು ಕಡಿಮೆ ಇರಲಿಲ್ಲ. ಮರುವರ್ಷವೇ ಅವರು ವಿಶ್ವದ ನಂಬರ್ ಒನ್. 2017ರಲ್ಲಿ ಮತ್ತೆ ಗೋಪಿಚಂದ್ ಬಳಿಗೇ ಹೋದರು, ಅವರೂ ಸೇರಿಸಿಕೊಂಡರು. ಬಿಟ್ಟು ಹೋಗೋದು ದ್ರೋಹ ಅಲ್ಲ, ತಿರುಗಿ ಬರೋದು ಸೋಲಲ್ಲ. ಕಂಪನಿ ಬದಲಿಸೋ ಮುಂದ ರಾತ್ರಿ ನಿದ್ದೆಗೆಡೋರು ಇದನ್ನು ನೆನಪಿಡಬಹುದು.

ಇನ್ನು ಪ್ಯಾರಿಸ್ ಜಗಳಕ್ಕೆ ನನ್ನ ಉತ್ತರ. ಅಂಗಳದೊಳಗೆ ರ್‍ಯಾಕೆಟ್ ಹಿಡಿದವನು ಒಬ್ಬನೇ, ಆ ಹೊತ್ತಿನ ಜವಾಬ್ದಾರಿ ಅವನದೇ. ಆ ಮಟ್ಟಿಗೆ ಪ್ರಕಾಶ್ ಸರಿ. ಆದರೆ ಗೆಲುವಿನಲ್ಲಿ ಪಾಲು ಇರುವವರಿಗೆ ಸೋಲಿನಲ್ಲೂ ಪಾಲು ಇರಲೇಬೇಕು. ಇಲ್ಲಿ ನನ್ನ ವೋಟು ಅಶ್ವಿನಿಗೆ. ಒಳ್ಳೆಯ ಮ್ಯಾನೇಜರ್ ಯಾರು ಅಂತ ತಿಳೀಬೇಕಂದ್ರ ಅಪ್ರೈಸಲ್ ದಿನ ನೋಡಬೇಡ್ರಿ, ಕ್ಲೈಂಟ್ ಬೈಯೋ ದಿನ ನೋಡ್ರಿ. ‘ನಮ್ಮಿಂದ ತಪ್ಪಾಯ್ತು’ ಅಂತಾರೋ, ‘ಅವನಿಂದ’ ಅಂತಾರೋ? ಹಾಗೇ ನಿಮ್ಮನ್ನೂ ನೋಡಿಕೊಳ್ರಿ. ಬಡ್ತಿ ಸಿಕ್ಕಾಗ ಕೆಲಸ ಕಲಿಸಿದವರ ಹೆಸರು ಬಾಯಿಗೆ ಬರ್ತದೋ ಇಲ್ಲೋ?

ಕೊನೆಗೆ ಊರಿನ ಮಾತು. ಲಕ್ಷ್ಯ ಸೇನ್‌ಗೆ ಮೊದಲು ರ್‍ಯಾಕೆಟ್ ಹಿಡಿಸಿದ್ದು ಬೆಂಗಳೂರಲ್ಲ, ಬೆಟ್ಟದೂರು ಅಲ್ಮೋರಾದಲ್ಲಿ ಕೋಚ್ ಆಗಿದ್ದ ಅವನ ಅಪ್ಪ. ನಮ್ಮ ಕಡೆ ಆ ಕೆಲಸ ಮಾಡೋರು ಶಾಲೆಯ ಪಿಟಿ ಮಾಸ್ತರು. ಕಬಡ್ಡಿ, ಖೋಖೋ, ವಾಲಿಬಾಲ್‌ಗೆ ಹುಡುಗರನ್ನು ತಯಾರು ಮಾಡ್ತಾರ. ಕೈಗೆ ಬಂದ ಹೊತ್ತಿಗೆ ಹತ್ತನೇ ಕ್ಲಾಸ್ ಬರ್ತದ. ‘ಈ ವರ್ಷ ಆಟ ಸಾಕು, ಓದಲಿ’ ಅಂತ ಮನೆಯವರು ಬಿಡಿಸ್ತಾರ. ಹುಡುಗಿಯಾದರೆ ಇನ್ನೂ ಎರಡು ವರ್ಷ ಮೊದಲೇ. ಮಾಸ್ತರು ಮತ್ತೆ ಹೊಸ ಮಕ್ಕಳ ಜತೆ ಒಂದರಿಂದ ಶುರು. 16 ಸೀಸನ್ ಕಾಯೋ ತಾಳ್ಮೆ ಅವರಲ್ಲೂ ಇದೆ, ಆದರೆ ಕಾಯೋಕೆ ಮಕ್ಕಳೇ ಉಳಿಯೋದಿಲ್ಲ.

ನಿಮ್ಮ ಮನೆಯಲ್ಲಿ ಈಗ ನಿಮ್ಮ ಮಾತಿಗೆ ಬೆಲೆ ಇದೆ, ಸಂಬಳ ಬರ್ತದಲ್ಲ! ಅಣ್ಣನ ಮಗಳೋ ಅಕ್ಕನ ಮಗನೋ ಚಲೋ ಆಡ್ತಿದ್ದರೆ ಅಪ್ಪ-ಅವ್ವಗ ಒಂದು ಫೋನ್ ಮಾಡ್ರಿ: ‘ಸಂಜೆ ಒಂದು ತಾಸು ಆಡಲಿ, ಬಿಡಿಸಬೇಡ್ರಿ.’ ಹಬ್ಬಕ್ಕೆ ಹೋದಾಗ ಶಾಲೆಗೊಂದು ವಾಲಿಬಾಲ್ ನೆಟ್ ಒಯ್ದು ಕೊಡ್ರಿ. ಮಾಸ್ತರಿಗೆ ಶಾಲು, ಹಾರ ಬೇಕಿಲ್ಲ. ಆಡೋ ಮಕ್ಕಳು ಇನ್ನೆರಡು ವರ್ಷ ಅಂಗಳದಾಗ ಉಳಿದರ ಅವರಿಗಷ್ಟೇ ಸಾಕು.