ಮಡಿಕೆಗೊಂದು ಲಿಪಿ

ಮಳೆನೀರು ಅಂಗಳದಲ್ಲಿ ಹರಿಯತೊಡಗಿದೊಡನೆ ಹಳೆಯ ನೋಟುಪುಸ್ತಕದ ಹಾಳೆಯನ್ನು ಕಿತ್ತು ದೋಣಿ ಮಾಡದ ಹುಡುಗನಿಲ್ಲ. ಆ ದೋಣಿಯನ್ನು ಅವನಿಗೆ ಕಲಿಸಿದವರಾರು? ಪಠ್ಯಪುಸ್ತಕವಂತೂ ಅಲ್ಲ. ಪಕ್ಕದ ಮನೆಯ ಅಣ್ಣನೋ, ರಜಕ್ಕೆ ಬಂದ ಸೋದರಮಾವನೋ ಎದುರಿಗೆ ಕುಳಿತು ಮಾಡಿ ತೋರಿಸಿರುತ್ತಾರೆ. ಕಣ್ಣು ನೋಡಿತು, ಕೈ ಕಲಿಯಿತು. ಇದನ್ನೇ ಬಾಯಿಮಾತಿನಲ್ಲಿ ವಿವರಿಸಹೊರಟರೆ ಎಂಥ ಪಂಡಿತನಾದರೂ ಮೂರನೆಯ ಮಡಿಕೆಯಲ್ಲಿ ತಡವರಿಸುತ್ತಾನೆ.

ಕಾಗದ ಮಡಿಸುವುದನ್ನು ಒಂದು ಕಲೆಯನ್ನಾಗಿ ಬೆಳೆಸಿದ ಜಪಾನಿನಲ್ಲಿಯೂ ಬಹುಕಾಲ ಇದೇ ಸ್ಥಿತಿಯಿದ್ದಿತು. ಅಲ್ಲಿ ಇದರ ಹೆಸರು ಒರಿಗಾಮಿ; ‘ಒರು’ ಎಂದರೆ ಮಡಿಸು, ‘ಕಾಮಿ’ ಎಂದರೆ ಕಾಗದ. ಕೊಕ್ಕರೆ, ಕಪ್ಪೆ, ದೋಣಿಗಳು ತಾಯಿಯಿಂದ ಮಗಳಿಗೆ, ಅಜ್ಜಿಯಿಂದ ಮೊಮ್ಮಕ್ಕಳಿಗೆ ದಾಟಿ ಬಂದವು. 1797ರಲ್ಲಿ ಕ್ಯೋತೋ ನಗರದಲ್ಲಿ ‘ಸೆಂಬಾಜುರು ಒರಿಕಾತಾ’ ಎಂಬ ಪುಸ್ತಕವೊಂದು ಅಚ್ಚಾಯಿತು. ಒಂದೇ ಹಾಳೆಯಿಂದ, ಒಂದಕ್ಕೊಂದು ಅಂಟಿಕೊಂಡ ಕೊಕ್ಕರೆಗಳ ಗುಂಪನ್ನು ಮಾಡುವ 49 ಬಗೆಗಳು ಅದರಲ್ಲಿವೆ. ಆದರೆ ಹಾಳೆಯನ್ನು ಎಲ್ಲೆಲ್ಲಿ ಕತ್ತರಿಸಬೇಕು, ಮುಗಿದಾಗ ಹೇಗೆ ಕಾಣಬೇಕು ಎಂಬುದನ್ನೇ ಅದು ಮುಖ್ಯವಾಗಿ ತೋರಿಸುತ್ತದೆ. ಪಾಕದ ಹದವನ್ನು ಹೇಳದೆ ಮೈಸೂರುಪಾಕಿನ ಚಿತ್ರವನ್ನು ಮಾತ್ರ ಹಾಕಿದ ಅಡುಗೆಯ ಪುಸ್ತಕವಿದ್ದಂತೆ! ಬಲ್ಲವರಿಗೆ ಅದು ಸಾಕು. ಅರಿಯದವರಿಗೆ ಗುರುವೇ ಬೇಕು.

ಈ ಕೊರತೆಯನ್ನು ನೀಗಿದವನು ಅಕಿರಾ ಯೋಶಿಜಾವಾ. 1911ರಲ್ಲಿ ಹೈನುಗಾರಿಕೆಯ ಮನೆತನದಲ್ಲಿ ಹುಟ್ಟಿದ ಈತ ಹದಿಮೂರರ ವಯಸ್ಸಿಗೇ ತೋಕಿಯೋವಿನ ಕಾರ್ಖಾನೆಯೊಂದನ್ನು ಸೇರಿದ. ಮುಂದೆ ನಕ್ಷೆ ಬರೆಯುವ ಕೆಲಸಕ್ಕೆ ಬಡ್ತಿ ದೊರೆತು, ಕಿರಿಯ ಕೆಲಸಗಾರರಿಗೆ ರೇಖಾಗಣಿತ ಹೇಳಿಕೊಡುವ ಹೊಣೆ ಅವನ ಮೇಲೆ ಬಿದ್ದಿತು. ಕೋನ, ಕರ್ಣ, ಸಮದ್ವಿಭಾಗಗಳನ್ನು ಆತ ಕಾಗದ ಮಡಿಸಿಯೇ ತಿಳಿಯಹೇಳಿದ.

ಈ ಉಪಾಯ ಹೊಸದೇನೂ ಅಲ್ಲ. ಟಿ. ಸುಂದರರಾಯರು ಕಾಗದದ ಮಡಿಕೆಗಳಿಂದಲೇ ರೇಖಾಗಣಿತವನ್ನು ಕಲಿಸುವ ಇಂಗ್ಲಿಷ್ ಗ್ರಂಥವೊಂದನ್ನು 1893ರಲ್ಲಿಯೇ ಮದರಾಸಿನಲ್ಲಿ ಪ್ರಕಟಿಸಿದ್ದರು. ಶಿಶುವಿಹಾರದ ಮಕ್ಕಳ ಬಣ್ಣದ ಕಾಗದಗಳೇ ಅವರಿಗೆ ಪ್ರೇರಣೆ. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ತನ್ನ ಬರಹದಲ್ಲಿ ಹೆಸರಿಸಿದ. 1901ರಲ್ಲಿ ಅದು ಅಮೆರಿಕದಲ್ಲಿಯೂ ಅಚ್ಚಾಯಿತು. ನಮ್ಮ ಶಾಲೆಗಳು ಮಾತ್ರ ಕೈವಾರಪೆಟ್ಟಿಗೆಯನ್ನೇ ನೆಚ್ಚಿ ಕುಳಿತವು.

ಸುಂದರರಾಯರು ಕಾಗದದಲ್ಲಿ ಗಣಿತವನ್ನು ಕಂಡರು. ಯೋಶಿಜಾವಾ ಅದರಲ್ಲಿ ತನ್ನ ಬಾಳನ್ನೇ ಕಂಡ. 1937ರಲ್ಲಿ ನೌಕರಿ ಬಿಟ್ಟ. ತಿಂಗಳ ಸಂಬಳವನ್ನು ತೊರೆದು, ಮಕ್ಕಳಾಟವೆಂದು ಲೋಕ ನಗುವ ಕೆಲಸಕ್ಕೆ ಕೈಹಾಕುವವನನ್ನು ಯಾವ ಮನೆಯವರು ತಾನೇ ಮೆಚ್ಚಿಯಾರು? ಮುಂದಿನ ವರ್ಷಗಳೆಲ್ಲ ದಾರಿದ್ರ್ಯದವು. ಉಪ್ಪಿನಕಾಯಿಯಂತೆ ಅನ್ನಕ್ಕೆ ನಂಚಿಕೊಳ್ಳುವ ‘ತ್ಸುಕುದಾನಿ’ ಎಂಬ ವ್ಯಂಜನವನ್ನು ಮನೆಮನೆಗೂ ಹೊತ್ತು ಮಾರಿ ಹೊಟ್ಟೆ ಹೊರೆದ. ಯುದ್ಧಕಾಲದಲ್ಲಿ ಸೈನ್ಯದ ವೈದ್ಯ ವಿಭಾಗದಲ್ಲಿದ್ದಾಗಲೂ ರೋಗಿಗಳ ಮನಸ್ಸು ಅರಳಲೆಂದು ಕಾಗದದ ಬೊಂಬೆಗಳನ್ನು ಮಡಿಸಿದನಂತೆ. ಕೊನೆಗೆ ಸಚಿತ್ರ ಪತ್ರಿಕೆಯಾದ ‘ಅಸಾಹಿ ಗ್ರಾಫ್’ ಜಪಾನೀ ಪಂಚಾಂಗದ ಹನ್ನೆರಡು ಪ್ರಾಣಿಗಳನ್ನು ಅವನಿಂದ ಮಾಡಿಸಿ 1952ರಲ್ಲಿ ಪ್ರಕಟಿಸಿದಾಗ, ದೇಶದ ಕಣ್ಣು ಅವನತ್ತ ತಿರುಗಿತು.

1954ರಲ್ಲಿ ಹೊರಬಂದ ಅವನ ಗ್ರಂಥದಲ್ಲಿ ಬೊಂಬೆಗಳಿಗಿಂತ ದೊಡ್ಡದೊಂದಿದ್ದಿತು: ಮಡಿಕೆಗಳನ್ನು ಬರೆದಿಡುವ ಲಿಪಿ. ತುಂಡುಗೆರೆಯೆಂದರೆ ಒಳಮುಖವಾಗಿ ಕಣಿವೆಯಂತೆ ಮಡಿಸು; ಗೆರೆಯ ನಡುವೆ ಚುಕ್ಕೆಗಳಿದ್ದರೆ ಹೊರಮುಖವಾಗಿ ಬೆಟ್ಟದಂತೆ ಮಡಿಸು; ಬಾಣವು ಕಾಗದ ಸಾಗಬೇಕಾದ ದಿಕ್ಕು. ಅಮೆರಿಕದ ಸ್ಯಾಮ್ಯುಯಲ್ ರ್‍ಯಾಂಡ್ಲೆಟ್ ಮುಂದೆ ಇದಕ್ಕೆ ಇನ್ನಷ್ಟು ಸಂಕೇತಗಳನ್ನು ಕೂಡಿಸಿದ. ಜಪಾನೀ ಭಾಷೆಯ ಒಂದಕ್ಷರವನ್ನೂ ಅರಿಯದವರು ಇಂದು ಜಪಾನೀ ಪುಸ್ತಕವನ್ನು ಮುಂದಿಟ್ಟುಕೊಂಡು ಕೊಕ್ಕರೆ ಮಾಡಬಲ್ಲರೆಂದರೆ ಅದು ಈ ಗೆರೆ ಬಾಣಗಳ ಮಹಿಮೆ.

ಹಾಗೆಂದು ಗುರುವಿನ ಕೆಲಸ ತಪ್ಪಿಲ್ಲ. ಒರಿಗಾಮಿಯ ತರಗತಿಯಲ್ಲಿ ಮೊದಲು ಕಲಿಸುವುದು ಬೊಂಬೆಗಳನ್ನಲ್ಲ, ತಳಮಡಿಕೆಗಳನ್ನು. ಹಕ್ಕಿಯ ತಳಮಡಿಕೆಯಲ್ಲಿ ಚೌಕದ ನಾಲ್ಕು ಮೂಲೆಗಳೂ ನಾಲ್ಕು ಉದ್ದನೆಯ ತುದಿಗಳಾಗಿ ನಿಲ್ಲುತ್ತವೆ. ಎರಡು ರೆಕ್ಕೆ, ಒಂದು ಕೊರಳು, ಒಂದು ಬಾಲ, ಕೊಕ್ಕರೆ ಸಿದ್ಧ. ಅದರಿಂದಲೇ, ಬಾಲವನ್ನೆಳೆದರೆ ರೆಕ್ಕೆ ಬಡಿಯುವ ಇನ್ನೊಂದು ಹಕ್ಕಿಯೂ ಹುಟ್ಟುತ್ತದೆ. ಕಪ್ಪೆಯ ತಳಮಡಿಕೆಯಿಂದ ಕಪ್ಪೆಯಷ್ಟೇ ಅಲ್ಲ, ಐರಿಸ್ ಹೂವೂ ಅರಳುತ್ತದೆ. ಕೆಲವೇ ಧಾತುಗಳಿಂದ ನೂರಾರು ಪದಗಳನ್ನು ಸಾಧಿಸುವ ವ್ಯಾಕರಣದ ರೀತಿಯಿದು.

ಮೊದಲನೆಯ ಮಡಿಕೆಯಲ್ಲಿ ಅಂಚಿಗೆ ಅಂಚು ಕೂದಲೆಳೆಯಷ್ಟು ತಪ್ಪಿದರೂ ಇಪ್ಪತ್ತನೆಯದರಲ್ಲಿ ಹಕ್ಕಿಯ ಕೊರಳು ಸೊಟ್ಟಗಾಗುತ್ತದೆ. ಆಗ ಮಗು ಹಾಳೆಯನ್ನು ಗುರುವಿನ ಮುಂದೆ ಚಾಚುತ್ತದೆ. ತೆಗೆದುಕೊಂಡು ಸರಿಪಡಿಸಿಕೊಡುವುದು ಸುಲಭ. ತಂದೆತಾಯಿಗಳೂ ಮನೆಯಲ್ಲಿ ಹಾಗೆಯೇ ಮಾಡುತ್ತಾರೆ. ಬಲ್ಲ ಗುರುವಾದರೋ ಆ ಹಾಳೆಯನ್ನು ಮುಟ್ಟುವುದಿಲ್ಲ. ತನ್ನ ಕೈಯಲ್ಲಿರುವ ಬೇರೊಂದು ಹಾಳೆಯನ್ನು ಬಿಚ್ಚಿ, ಅದೇ ಮಡಿಕೆಯನ್ನು ಮತ್ತೊಮ್ಮೆ ನಿಧಾನವಾಗಿ ಹಾಕಿ ತೋರಿಸುತ್ತಾನೆ. ಹಕ್ಕಿ ಸೊಟ್ಟಗಿದ್ದರೂ ಅದು ಆ ಮಗುವಿನದೇ ಆಗಿರಬೇಕು.

ಯೋಶಿಜಾವಾನ ಬೊಂಬೆಗಳು 1955ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸ್ಟೆಡೆಲಿಕ್ ವಸ್ತುಸಂಗ್ರಹಾಲಯವನ್ನು ಸೇರಿ ಪ್ರದರ್ಶಿತವಾದವು. 1983ರಲ್ಲಿ ಜಪಾನ್ ಸರ್ಕಾರ ಅವನಿಗೆ ಉದಯರವಿ ಪದವಿಯನ್ನಿತ್ತಿತು. 2005ರ ಮಾರ್ಚ್ 14ರಂದು, ತನ್ನ ತೊಂಬತ್ತನಾಲ್ಕನೆಯ ಹುಟ್ಟುಹಬ್ಬದ ದಿನವೇ, ಆತ ತೀರಿಕೊಂಡ. ಅವನು ಕಲ್ಪಿಸಿದ ಆಕೃತಿಗಳು 50,000ಕ್ಕೂ ಮಿಗಿಲೆಂದು ಅಂದಾಜು. ತಾನೇ ರೂಪಿಸಿದ ಆ ಲಿಪಿಯಲ್ಲಿ ಅವನು ಬರೆದು ಪ್ರಕಟಿಸಿದವು ಕೆಲವು ನೂರು ಮಾತ್ರ.