ಅಂಕಿಯ ಹಿಂದಿನ ತಂತಿ

ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿ ಮೋಟಾರ್‌ಸೈಕಲ್ಲುಗಳನ್ನು ಇಂದಿಗೂ ಅಕ್ಕರೆಯಿಂದ ಕಾಪಾಡಿಕೊಂಡು ಬಂದಿರುವ ರಸಿಕರಲ್ಲಿ ಕೆಲವರಿಗೆ, ಅವುಗಳ ಮುಳ್ಳಿನ ಸ್ಪೀಡೋಮೀಟರನ್ನು ಕಳಚಿ ಆ ಸ್ಥಾನದಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಂದ ತಂದ ಡಿಜಿಟಲ್ ಮೀಟರನ್ನು ಪ್ರತಿಷ್ಠಾಪಿಸುವ ಅಭಿಲಾಷೆ ಉಂಟಾಗಿದ್ದರೆ ಅದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಅಂಕಿ ಬೆಳಗಿತು, ಆದುದರಿಂದ ಕಾರ್ಯ ಸಿದ್ಧಿಸಿತು ಎಂಬ ಆತುರದ ನಂಬುಗೆಯೇ ನನಗೆ ಒಪ್ಪಿಗೆಯಾಗದ ಸಂಗತಿ.

ಹಳೆಯ ಮೀಟರಿಗೆ ವಿದ್ಯುತ್ತಿನ ಹಂಗಿರಲಿಲ್ಲ. ತಿರುಗುವ ಕೇಬಲಿನ ತುದಿಯಲ್ಲಿದ್ದ ಅಯಸ್ಕಾಂತವು ಅಲ್ಯೂಮಿನಿಯಮ್ಮಿನ ಬಟ್ಟಲೊಂದನ್ನು ಸೆಳೆಯುತ್ತಿತ್ತು, ಬಟ್ಟಲು ಮುಳ್ಳನ್ನು ಸರಿಸುತ್ತಿತ್ತು. ಹೊಸ ಯಂತ್ರವಾದರೋ ತಂತಿ ತಂದ ವಾರ್ತೆಯನ್ನಲ್ಲದೆ ಬೇರೇನನ್ನೂ ಅರಿಯದು. ಚಕ್ರಕ್ಕೆ ಅಂಟಿಸಿದ ಅಯಸ್ಕಾಂತವು ಸೆನ್ಸರಿನ ಮುಂದೆ ಹಾದುಹೋಗುವುದನ್ನು ಅದು ಎಣಿಸುತ್ತದೆ. ಚಕ್ರದ ಸುತ್ತಳತೆಯನ್ನು ನಾವು ಶೇಕಡಾ ಹತ್ತು ಕಡಿಮೆ ನಮೂದಿಸಿದರೆ, ಅರುವತ್ತರಲ್ಲಿ ಓಡುವ ಬಂಡಿಯನ್ನು ಐವತ್ತನಾಲ್ಕರಲ್ಲಿ ಓಡುತ್ತಿದೆಯೆಂದು ನಿಸ್ಸಂಕೋಚವಾಗಿ ಸಾರುತ್ತದೆ. ಎಂಜಿನ್ನಿನ ಆರ್‌ಪಿಎಂ ವಿಷಯವೂ ಅಂತೆಯೇ; ಅದನ್ನು ಮೀಟರು ಕಿಡಿಗಳನ್ನು ಎಣಿಸಿ ತಿಳಿಯುತ್ತದೆ. ಒಂಟಿ ಸಿಲಿಂಡರಿನ ಎರಡು ಸ್ಟ್ರೋಕಿನ ಯೆಜ್ದಿಯಲ್ಲಿ ಸುತ್ತಿಗೊಂದು ಕಿಡಿ, ಪಾಯಿಂಟ್ ಇರುವ ಹಳೆಯ ಬುಲೆಟ್ಟಿನಲ್ಲಿ ಎರಡು ಸುತ್ತಿಗೊಂದು. ಈ ಭೇದವನ್ನು ಮೀಟರಿಗೆ ತಿಳಿಸದಿದ್ದರೆ ಅದು ಅರ್ಧವನ್ನೋ ಇಮ್ಮಡಿಯನ್ನೋ ತೋರುವುದು ಅನಿವಾರ್ಯ.

ಇನ್ನು ವೈರಿಂಗು. ಜಾವಾದಂಥ ಹಳೆಯ ವಾಹನಗಳು 6 ವೋಲ್ಟಿನವು, ಮಾರುಕಟ್ಟೆಯ ಮೀಟರುಗಳೋ ಬಹುಪಾಲು 12 ವೋಲ್ಟಿನವು. 6 ವೋಲ್ಟನ್ನು 12ಕ್ಕೆ ಏರಿಸುವ ಏರ್ಪಾಡಿಲ್ಲದೆ ಇವೆರಡನ್ನು ಜೋಡಿಸಹೊರಡುವುದು ವ್ಯರ್ಥ ಪ್ರಯಾಸ. ತಂತಿಗಳ ಬಣ್ಣಕ್ಕಂತೂ ತಯಾರಕರಲ್ಲಿ ಏಕರೂಪತೆಯಿಲ್ಲವಾದ್ದರಿಂದ, ಕೆಂಪು ಕಂಡೊಡನೆ ಪಾಸಿಟಿವ್ ಎಂದು ತೀರ್ಮಾನಿಸದೆ ಮಲ್ಟಿಮೀಟರು ಹಿಡಿದು ಒಂದೊಂದನ್ನೂ ಪರೀಕ್ಷಿಸುವುದು, ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಹರಿಯುವ ತಂತಿಯನ್ನೂ ಸದಾ ಹರಿಯುವ ತಂತಿಯನ್ನೂ ಬೇರೆ ಬೇರೆ ಗುರುತಿಸುವುದು, ನಡುವೆ ಸಣ್ಣ ಫ್ಯೂಸೊಂದನ್ನು ಇರಿಸುವುದು, ಬಣ್ಣ ಬಳಿದ ಚಾಸಿಯ ಮೇಲಲ್ಲ, ಬಣ್ಣ ಕೆರೆದ ಲೋಹದ ಮೇಲೆ ಅರ್ಥಿಂಗ್ ಬಿಗಿಯುವುದು—ಇವೆಲ್ಲ ನಿಧಾನದ ಕೆಲಸಗಳು. ಅಂಕಿಗಳು ಕುಣಿಯುವ, ಇದ್ದಕ್ಕಿದ್ದಂತೆ ಪರದೆ ಆರುವ ರೋಗಗಳಿಗೆ ಮೂಲವನ್ನು ಮೊದಲು ಅರ್ಥಿಂಗಿನಲ್ಲಿಯೇ ಹುಡುಕತಕ್ಕದ್ದು. ನ್ಯೂಟ್ರಲ್ ದೀಪದ ಸ್ವಿಚ್ಚು ಸಾಮಾನ್ಯವಾಗಿ ನೆಗೆಟಿವ್ ಕಡೆಯನ್ನು ಕೂಡಿಸುತ್ತದೆ, ಇಂಡಿಕೇಟರು ಪಾಸಿಟಿವ್ ಕಡೆಯನ್ನು. ಇದು ಗೊತ್ತಿಲ್ಲದೆ ದುಡಿದರೆ ದೀಪ ಉರಿಯದು, ಅಥವಾ ಸದಾ ಉರಿಯುವುದು. ಪೆಟ್ರೋಲ್ ಟ್ಯಾಂಕಿನ ಫ್ಲೋಟು ಇದೆಲ್ಲಕ್ಕಿಂತ ಕುಟಿಲವಾದದ್ದು: ಕೆಲವು ವಾಹನಗಳಲ್ಲಿ ಟ್ಯಾಂಕು ತುಂಬಿದಂತೆ ಅದರ ಓಮ್ ಪ್ರಮಾಣ ಇಳಿಯುತ್ತದೆ, ಕೆಲವುಗಳಲ್ಲಿ ಏರುತ್ತದೆ, ಹೊಂದಾಣಿಕೆಯಾಗದ ಮೀಟರು ತುಂಬಿದ ಟ್ಯಾಂಕನ್ನು ಬರಿದೆಂದೂ ಬರಿದಾದುದನ್ನು ತುಂಬಿದೆಯೆಂದೂ ಹೇಳಿ ಸವಾರನನ್ನು ನಡುದಾರಿಯಲ್ಲಿ ಕೈಬಿಡುತ್ತದೆ.

ಈ ಲೋಪವನ್ನೆಲ್ಲ ಮೆಕ್ಯಾನಿಕ್ಕನ ತಲೆಗೆ ಕಟ್ಟುವುದು ನ್ಯಾಯವಲ್ಲ. ಸುಡುವ ಬಿಸಿಲಿನಲ್ಲಿ ಬೀದಿಯ ಬದಿಗೆ ಕುಳಿತು ದುಡಿಯುವ ಆತನ ಕೈಗೆ, ಅರೆಬರೆ ಇಂಗ್ಲಿಷಿನಲ್ಲಿ ಅಚ್ಚಾದ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರಗಳ ಚೀಟಿಯನ್ನು ಕೊಟ್ಟು ಕೈತೊಳೆದುಕೊಳ್ಳುವ ವರ್ತಕನೇ ಮೊದಲ ಹೊಣೆಗಾರ. ವೋಲ್ಟು, ಫ್ಲೋಟಿನ ಓಮ್, ತಂತಿಯ ಬಣ್ಣ, ಸುತ್ತಳತೆ ನಮೂದಿಸುವ ಕ್ರಮ—ಇಷ್ಟನ್ನು ಒಂದು ಪುಟದ ಕನ್ನಡದಲ್ಲಿ ಮುದ್ರಿಸಿ ಕೊಡುವುದಕ್ಕೆ ತಗಲುವ ವೆಚ್ಚ ಅತ್ಯಲ್ಪ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಸ್ಪೀಡೋಮೀಟರನ್ನು ಕಡ್ಡಾಯಗೊಳಿಸಿರುವಾಗ, ಅದರ ಸ್ಥಾನಕ್ಕೆ ಬರುವ ವಸ್ತುವನ್ನು ಆಟಿಕೆಯಂತೆ ಮಾರುವುದು ಸಲ್ಲದು.

ಮಾಲೀಕನಿಗೂ ಒಂದು ಋಣವುಂಟು. ಹೊಸ ಮೀಟರು ಸೊನ್ನೆಯಿಂದ ಎಣಿಕೆ ಆರಂಭಿಸುವುದರಿಂದ, ಕಳಚಿದ ದಿನ ಹಳೆಯದು ತೋರಿದ ಕಿಲೋಮೀಟರನ್ನು ಬರೆದಿಟ್ಟು, ವಾಹನವನ್ನು ಮಾರುವಾಗ ಆ ಬರಹವನ್ನೂ ಹಳೆಯ ಮೀಟರನ್ನೂ ಕೊಳ್ಳುವವನಿಗೆ ಒಪ್ಪಿಸಬೇಕು.